ಹಿರಿಯ ಸೇನಾನಿ ಸಾಯಬೇಕಾಗಿದ್ದ ಭಾನುವಾರ

ಈ ಬರಹದಲ್ಲಿ ತಾರೀಖುಗಳಿಲ್ಲ. ವೃತ್ತಿಜೀವನವಿಡೀ ಶಾಸನಗಳ ತಿಥಿ, ವಾರ, ಸಂವತ್ಸರಗಳನ್ನು ಒಂದಕ್ಕೊಂದು ತಾಳೆ ನೋಡುವುದಕ್ಕಾಗಿಯೇ ಸಂಬಳ ಪಡೆದವನೊಬ್ಬ ಹೀಗೆ ಆರಂಭಿಸುವುದು ಅಪಶಕುನವೆಂದು ಹಳೆಯ ಸಹೋದ್ಯೋಗಿಗಳು ಭಾವಿಸಬಹುದು. ಆದರೆ ಎರಡು ಸ್ವತಂತ್ರ ಆಧಾರಗಳಿಲ್ಲದ ತಾರೀಖನ್ನು ಅಚ್ಚಿಗೆ ಕೊಡುವವನು ನಾನಲ್ಲ. ಇಲ್ಲಿ ಹೇಳಹೊರಟ ಸಂಗತಿಯಲ್ಲಿ ಪಾಲ್ಗೊಂಡವರು ಐವರು. ಅವರು ಹೇಳುತ್ತಿರುವ ತಾರೀಖುಗಳು ಆರು. ಒಬ್ಬರು ಊಟಕ್ಕೆ ಮುಂಚೆ ಒಂದು, ಊಟದ ನಂತರ ಇನ್ನೊಂದು ಹೇಳಿದರು. ನಿರ್ವಿವಾದವಾಗಿ ಉಳಿಯುವುದು ಇಷ್ಟು: ಅದು ಭಾನುವಾರ, ಕೊಡಗಿನ ಕೈಲ್ ಮುಹೂರ್ತದ ಹಬ್ಬದ ಆಸುಪಾಸು, ಮತ್ತು ನಮ್ಮ ಗೆಳೆಯರಾದ ಕಾಫಿ ಬೆಳೆಗಾರರೊಬ್ಬರು ಹೃದಯದ ಕವಾಟ ಬದಲಾಯಿಸಿಕೊಳ್ಳಲು ಮೈಸೂರಿಗೆ ಹೊರಡುವುದಕ್ಕೆ ಮುಂಚಿನ ಕೊನೆಯ ಭಾನುವಾರ. ಆ ದಿನ ಅವರು ಸಾಯಬೇಕಾಗಿತ್ತು. ಮೈಸೂರಿನಲ್ಲಲ್ಲ, ಮಾದಾಪುರದಲ್ಲಿ, ಅವರದೇ ಮನೆಯ ಮೇಜಿನ ಮೇಲೆ.

ಆಟವನ್ನು ನಮ್ಮ ನಡುವೆ ತಂದವರು ಆ ಸುತ್ತಿನ ದನಕರು, ನಾಯಿಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯೆ. ಕಾಲೇಜಿನ ದಿನಗಳಲ್ಲಿ ಆಡಿದ್ದಂತೆ. ಅದಕ್ಕೆ ಪರದೆ ಬೇಡ, ಕಂಪ್ಯೂಟರ್ ಬೇಡ. ಇಟ್ಟಿಗೆಯಷ್ಟು ದಪ್ಪದ ನಿಯಮಪುಸ್ತಕ, ಒಂದು ಹಿಡಿ ದಾಳ ಮತ್ತು ನಾಚಿಕೆಯ ಅಭಾವ ಇದ್ದರೆ ಸಾಕು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ಹಿಡಿದು, ಬೆಟ್ಟದಷ್ಟು ಎತ್ತರದ ಉಕ್ಕಿನ ರೋಬೋಟುಗಳೊಳಗೆ ಕುಳಿತಿರುವುದಾಗಿ ನಂಬಿ, "ನಾನು ಈಗ ಶತ್ರುವಿನ ಮೊಣಕಾಲಿಗೆ ಹೊಡೆಯುತ್ತೇನೆ" ಎಂದು ಘೋಷಿಸುತ್ತಾರೆ. ಏಟು ಬಿತ್ತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಸುಸಂಸ್ಕೃತರು ಭಾನುವಾರದ ಅಪರಾಹ್ನವನ್ನು ಕಳೆಯುವ ಬಗೆ ಇದೇ ಎಂದು ನನಗೆ ಮನದಟ್ಟು ಮಾಡಿಸಲಾಯಿತು.

ಕಥೆ ನಡೆಸುವ ಸ್ಥಾನವನ್ನು ನನ್ನ ಪತ್ನಿ ಎರಡನೆಯ ವಾರಕ್ಕೇ ವಶಪಡಿಸಿಕೊಂಡಳು. ಮಡಿಕೇರಿಯ ಶಾಲೆಯೊಂದರಲ್ಲಿ ದೀರ್ಘಕಾಲ ಕನ್ನಡ ವ್ಯಾಕರಣ ಕಲಿಸಿ ನಿವೃತ್ತಳಾದವಳಿಗೆ ನಿಯಮಪುಸ್ತಕ ಸಿಕ್ಕಿದ್ದು, ಬಹುಕಾಲ ಅಧಿಕಾರವಿಲ್ಲದೆ ಕುಳಿತ ತಹಶೀಲ್ದಾರನಿಗೆ ತಾಲ್ಲೂಕು ಸಿಕ್ಕಿದ ಹಾಗಾಯಿತು. ಆಡುವವರು ಮೂವರು: ಪಶುವೈದ್ಯೆ, ಭಾಗಮಂಡಲದ ಕಡೆಯ ಅರೆಭಾಷೆ ಗೌಡರಾದ, ಆಗಲೇ ಹೇಳಿದ ಬೆಳೆಗಾರರು, ಮತ್ತು ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಈ ರೈಟರು ಕೊಡ್ಲಿಪೇಟೆಯವರು, ವಾರವಿಡೀ ಆಳುಗಳ ಹಾಜರಿ ಕೂಗಿ ಕೂಗಿ ಮಾಮೂಲಿ ಮಾತನ್ನೂ ತೋಟದ ಆಚೆ ತುದಿಗೆ ಕೇಳಿಸುವಂತೆ ಆಡುವವರು. ನಾನು ಆಡುವವನಲ್ಲ. ಕಥೆಯ ಕಾಲಾನುಕ್ರಮವನ್ನು ದಾಖಲಿಸುವ ಹೊಣೆ ನನ್ನದು. ಈ ಹುದ್ದೆಯನ್ನು ನಾನೇ ಸೃಷ್ಟಿಸಿ ನಾನೇ ಅರ್ಜಿ ಹಾಕಿ ನಾನೇ ಆಯ್ಕೆಯಾದೆ.

ಬೆಳೆಗಾರರ ಮನೆಯಲ್ಲಿ ಕಾಫಿಯ ಸ್ಯಾಂಪಲ್ ನೋಡುವ ಕೋಣೆಯೇ ರಣರಂಗ. ರೋಬೋಟಿನ ಪ್ರಾಣವನ್ನು ಎಣಿಸಲು ಅರೇಬಿಕಾ ಬೀಜ. ಅದು ಎಷ್ಟು ಕಾದಿದೆ ಎಂದು ಎಣಿಸಲು ರೋಬಸ್ಟಾ. ಪ್ರತಿ ಹೊಡೆತಕ್ಕೂ ಯಂತ್ರ ಕಾಯುತ್ತದೆ, ಅತಿಯಾಗಿ ಕಾದರೆ ನಿಂತುಹೋಗುತ್ತದೆ, ಮತ್ತು ಅದು ನಿಲ್ಲುವುದು ಯಾವಾಗಲೂ ಗೆಲ್ಲುವುದಕ್ಕೆ ಒಂದು ಹೊಡೆತ ಬಾಕಿ ಇರುವಾಗ. ಇಷ್ಟು ಮುಂದುವರಿದ ನಾಗರಿಕತೆ ರೇಡಿಯೇಟರ್‌ಗೆ ನೀರು ಹಾಕುವ ವ್ಯವಸ್ಥೆಯನ್ನು ಏಕೆ ಮಾಡಿಕೊಂಡಿಲ್ಲ ಎಂದು ನಾನು ಕೇಳಿದ್ದೆ. ಬೆಳೆಗಾರರು ತಮ್ಮ ಹಳೆಯ ಜೀಪನ್ನು ಕಿಟಕಿಯಿಂದ ಒಮ್ಮೆ ನೋಡಿದರು.

ಈ ಬಗೆಯ ಕಥೆಗಳ ಸಂಪ್ರದಾಯಗಳನ್ನು ಒಂದು ಮಳೆಗಾಲವಿಡೀ ಗಮನಿಸಿದ ಮೇಲೆ ನನಗೆ ಅವುಗಳ ಬಗ್ಗೆ ಗೌರವ ಹುಟ್ಟಿದೆ. ಹಳಗನ್ನಡದ ಅಷ್ಟಾದಶ ವರ್ಣನೆಗಳೂ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. ಜಗತ್ತನ್ನು ಉಳಿಸಬಲ್ಲ ಏಕೈಕ ಯಂತ್ರವನ್ನು ಓಡಿಸಲು ತರಬೇತಿ ಪಡೆದ ವಯಸ್ಕರು ಯಾವ ಕಾಲಕ್ಕೂ ಸಿಗುವುದಿಲ್ಲ. ಅದರೊಳಗೆ ಆಕಸ್ಮಿಕವಾಗಿ ಬಿದ್ದ ಹದಿನಾರು ವರ್ಷದ ಹುಡುಗಿಯೇ ಓಡಿಸಬೇಕು, ಮತ್ತು ಯಂತ್ರ ಅವಳ ತಂದೆಯೇ ಗುಟ್ಟಾಗಿ ಮಾಡಿಟ್ಟದ್ದಾಗಿರಬೇಕು. ಆ ಹುಡುಗಿಯ ಪಾತ್ರ ನಮ್ಮ ಪಶುವೈದ್ಯೆಯದು. ಹುಡುಗಿಯ ತಂದೆ ಇಪ್ಪತ್ತು ವರ್ಷಗಳ ಹಿಂದೆ ಮುಗಿದ ಯುದ್ಧದಲ್ಲಿ ಸತ್ತರೆಂದು ನನ್ನ ಪತ್ನಿ ಕಥೆಯನ್ನು ಕೈಗೆತ್ತಿಕೊಂಡ ವಾರವೇ ಗದ್ಗದ ಕಂಠದಿಂದ ಹೇಳಿದ್ದಳು. ನಾನು ವ್ಯವಕಲನ ಮಾಡಿ ತೋರಿಸಿದೆ.

"ಬೆಟ್ಟದಷ್ಟು ದೊಡ್ಡ ಕಬ್ಬಿಣ ಆಕಾಶದಲ್ಲಿ ಹಾರ್ತದೆ ಅಂದಾಗ ತಲೆ ಆಡಿಸಿದ್ರಿ," ಎಂದಳು ಅವಳು. "ಇದೊಂದು ನಿಮ್ಮ ಗಂಟಲಲ್ಲಿ ಇಳಿಯುದಿಲ್ಲ ಅಲ್ವಾ?"

ರೈಟರದು ಮುಖವಾಡದ ಎದುರಾಳಿಯ ಪಾತ್ರ. ಅವನು ಯಾರೆಂಬುದು ಅವನ ಧ್ವನಿ, ನಡಿಗೆ, ಮೂಗು ಎಲ್ಲದರಿಂದ ಎಲ್ಲರಿಗೂ ಗೊತ್ತು. ಆದರೂ ಮುಖವಾಡ ಬೀಳುವ ದಿನ ಎಲ್ಲರೂ ಬೆಚ್ಚಿಬೀಳಬೇಕು. ಶತ್ರುಪಕ್ಷದಲ್ಲಿದ್ದಾಗ ಅವನ ರೋಬೋಟು ಒಂದೇ ಏಟಿಗೆ ಗುಡ್ಡ ಉರುಳಿಸುತ್ತಿತ್ತು. ಮನಸ್ಸು ಬದಲಿಸಿ ನಮ್ಮ ಪಕ್ಷ ಸೇರಿದ ಮರುವಾರ ನಿಯಮದ ಪ್ರಕಾರ ಅದರ ಬಲ ಅರ್ಧಕ್ಕಿಳಿಯಿತು. ಪಕ್ಷಾಂತರದಿಂದ ಬಲ ಕುಗ್ಗಿದ ನಿದರ್ಶನ ನಾನು ಓದಿದ ಇತಿಹಾಸದಲ್ಲಿಲ್ಲ. ಇನ್ನು ಶತ್ರುವಿನ ಯುದ್ಧನೀತಿ: ವಾರಕ್ಕೊಂದೇ ರಾಕ್ಷಸಯಂತ್ರ. ಎರಡನ್ನು ಒಟ್ಟಿಗೆ ಕಳಿಸಿದರೆ ಸಂಜೆಯ ಕಾಫಿಯೊಳಗೆ ಜಗತ್ತು ಕೈವಶವಾಗುತ್ತದೆ ಎಂಬುದು ಅಷ್ಟು ಬುದ್ಧಿವಂತ ಸಾಮ್ರಾಜ್ಯಕ್ಕೆ ಹೊಳೆದಿಲ್ಲ. ನಮ್ಮ ಮೂರು ರೋಬೋಟುಗಳು ಕೂಡಿ ಒಂದೇ ದೈತ್ಯವಾಗುವಾಗ, ಕೈಗೆ ಕೈ, ಕಾಲಿಗೆ ಕಾಲು ಜೋಡಣೆಯಾಗುವಷ್ಟು ಹೊತ್ತೂ ಆ ರಾಕ್ಷಸ ಮರ್ಯಾದೆಯಿಂದ ಕಾಯುತ್ತಾನೆ. ಕೊನೆಯ ಹೊಡೆತದ ಹೆಸರನ್ನು ಗಟ್ಟಿಯಾಗಿ ಕೂಗದಿದ್ದರೆ ಅದು ನಾಟುವುದಿಲ್ಲ. ಈ ನಿಯಮವೊಂದನ್ನು ಮಾತ್ರ ರೈಟರು ಓದದೆಯೇ ಪಾಲಿಸುತ್ತಿದ್ದರು.

ನಮ್ಮವರ ಕೋಟೆ ಇರುವುದು ಹಾರಂಗಿ ಜಲಾಶಯದ ತಳದಲ್ಲಿ. ಅಪಾಯ ಬಂದಾಗ ನೀರು ಇಬ್ಭಾಗವಾಗಿ ರೋಬೋಟುಗಳು ಮೇಲೆದ್ದು ಬರುತ್ತವೆ. ನಾಲೆಯ ಕೆಳಗಿನ ಗದ್ದೆಯವರ ಒಪ್ಪಿಗೆ ಪಡೆದಿದ್ದೀರಾ ಎಂದು ಕೇಳಿದ್ದಕ್ಕೆ ನನ್ನನ್ನು ಒಂದು ವಾರ ಕೋಣೆಯ ಹೊರಗೆ ಕೂರಿಸಿದ್ದರು.

ಬೆಳೆಗಾರರಿಗೆ ಬಂದದ್ದು ಹಿರಿಯ ಸೇನಾನಿಯ ಪಾತ್ರ. ಹಳೆಯ ಯುದ್ಧದ ಗಾಯ, ಒಂದು ಕಣ್ಣಿಗೆ ಪಟ್ಟಿ, ಹಳೆಯ ಮಾದರಿಯ ರೋಬೋಟು, ಕಿರಿಯರಿಗೆ ಗದರಿಕೆ, ಒಳಗೊಳಗೆ ಪ್ರೀತಿ. ಈ ಸಾಮಗ್ರಿಯನ್ನೆಲ್ಲ ಹೊತ್ತವನ ಗತಿ ಏನೆಂದು ಬಲ್ಲವರಿಗೆ ಬೇರೆ ಹೇಳಬೇಕಿಲ್ಲ. ಅಂತಿಮ ಯುದ್ಧಕ್ಕೆ ಮುಂಚೆ ಅವನು ಸಾಯಬೇಕು. ಒಬ್ಬನೇ ಬಾಗಿಲು ಕಾಯುತ್ತ, ಕಿರಿಯರಿಗೆ ಒಂದು ಸುದೀರ್ಘ ಹಿತವಚನ ಹೇಳಿ, ಮುಗುಳ್ನಕ್ಕು, ಸ್ಫೋಟಗೊಳ್ಳಬೇಕು. ಸಾಯುವ ಪ್ರತಿಯೊಬ್ಬನಿಗೂ ಶ್ವಾಸಕೋಶ ಇಷ್ಟು ಬಲವಾಗಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಯಮಪುಸ್ತಕ ಇದನ್ನು ಕಥೆಗಾರರ ಮರ್ಜಿಗೆ ಬಿಡದೆ ಗಣಿತಕ್ಕಿಳಿಸಿತ್ತು: ಹಿರಿಯ ಸತ್ತರೆ ಉಳಿದ ಪ್ರತಿಯೊಬ್ಬ ಚಾಲಕನಿಗೂ ಕೋಪದ ಮೂರು ದಾಳ ಹೆಚ್ಚುವರಿ.

ಮೈಸೂರಿನ ವೈದ್ಯರು ಬೆಳೆಗಾರರಿಗೆ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಿದ ವಾರದಲ್ಲೇ ಪಶುವೈದ್ಯೆ ಆ ಪುಟವನ್ನು ಗಟ್ಟಿಯಾಗಿ ಓದಿದ್ದರು. ಬೆಳೆಗಾರರು ಶಸ್ತ್ರಚಿಕಿತ್ಸೆಯ ಬಗ್ಗೆ ಚಕಾರ ಎತ್ತುತ್ತಿರಲಿಲ್ಲ. ನಾವು ಎತ್ತಿದರೆ ಮಾತನ್ನು ಕಾಳುಮೆಣಸಿಗೆ ತಿರುಗಿಸುತ್ತಿದ್ದರು. ಆ ಪುಟದ ಬಗ್ಗೆ ಮಾತ್ರ ಅವರಿಗೆ ಖಚಿತ ಅಭಿಪ್ರಾಯವಿತ್ತು.

"ನಾ ಸಾಯ್ದುಲೆ, ಟೀಚರೇ," ಎಂದರು, ಉದ್ವೇಗ ಬಂದಾಗ ಮಾಡುವ ಹಾಗೆ ಅರೆಭಾಷೆಗೆ ಇಳಿದು, ಸಾಯಲು ಖಡಾಖಂಡಿತವಾಗಿ ನಿರಾಕರಿಸುತ್ತ. "ಬೇಕಾರೆ ಈ ರೈಟರ್‌ನ ಸಾಯ್ಸಿ. ಅವಂಗೆ ಹೇಂಗೂ ಮುಖವಾಡ ಉಟ್ಟು, ಯಾರಿಗೂ ಗೊತ್ತಾದುಲೆ."

"ಏನ್ ಸಾವ್ಕಾರ್ರೆ ನೀವು!" ರೈಟರ ಧ್ವನಿಗೆ ಸ್ಯಾಂಪಲ್ ತಟ್ಟೆ ಅದುರಿತು. "ನೀವೊಬ್ರು ಹೋದ್ರೆ ನಮ್ಗೆ ತಲೆಗೆ ಮೂರ್ ಮೂರ್ ದಾಳ ಬರ್ತವೆ. ಊರಿಗೋಸ್ಕರ ಚೂರ್ ಮನ್ಸ್ ಮಾಡ್ಬಾರ್ದಾ?"

"ಊರಿಗೋಸ್ಕರ ನಿನ್ನ ಗಂಟಲು ಕಮ್ಮಿ ಮಾಡು ಮೊದ್ಲು."

"ನೋಡುವ ಅಂಕಲ್, ದಾಳ ಹೇಗೆ ಬೀಳ್ತದೆ ಅಂತ," ಎಂದು ಪಶುವೈದ್ಯೆ ಸಮಾಧಾನ ಹೇಳಲು ಹೋದರು.

"ದಾಳ ಬಿದ್ದು ಸತ್ರೆ ಸಾಯ್ತೆ ಕೂಸೇ, ಅದಕ್ಕೆ ನನ್ನ ತಕರಾರಿಲ್ಲ. ಪುಸ್ತಕದಲ್ಲಿ ಬರ್ದಿದೆ ಅಂತ ಸಾಯುದು ಎಂತಕೆ?"

ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನನ್ನ ಪತ್ನಿ ಪುಸ್ತಕ ಮುಚ್ಚಿ, ಆ ಅಧ್ಯಾಯ ಇನ್ನೂ ದೂರವಿದೆ ಎಂದಳು. ಮನೆಗೆ ಬರುವ ದಾರಿಯಲ್ಲಿ ಮಾತ್ರ ನನಗೆ ಹೇಳಿದಳು: ಕಥೆಯ ಕಟ್ಟು ಎಂದರೆ ಕಟ್ಟು, ಒಬ್ಬರಿಗೆ ಬೇಜಾರೆಂದು ಸಂಧಿ ಬಿಡಿಸಲಾಗುವುದಿಲ್ಲ, ಅಲ್ಲದೆ ಅವರಿಗಾಗಿ ಅಷ್ಟು ಭವ್ಯವಾದ ಸಾವನ್ನು ಬರೆದಿಟ್ಟಿದ್ದಾಳಂತೆ, ಅದನ್ನು ಏನು ಮಾಡುವುದು? ಅವಳ ದನಿಯಲ್ಲಿದ್ದದ್ದು ಕ್ರೌರ್ಯವಲ್ಲ, ಅಡುಗೆ ಮಾಡಿಟ್ಟವಳ ಸಂಕಟ.

ಹಬ್ಬಕ್ಕೆ ಮುಂಚಿನ ಭಾನುವಾರ ನಮ್ಮವರೆಲ್ಲ ಸೇರಿ, ಈ ಜಿಲ್ಲೆಯವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪೊಂದನ್ನು ಮಾಡಿದರು. ಅಂತಿಮ ಯುದ್ಧ ಮುಂದಿನ ವಾರ ಎಂದು ಪತ್ನಿ ಸಾರಿದ್ದಳು. ಶತ್ರು ಗಡಿಯಲ್ಲಿ ಬೀಡುಬಿಟ್ಟಿದ್ದ. ಯಾವ ದೇಶದ ಸೈನಿಕರಾದರೂ ಆ ವಾರ ಗುಂಡು ತುಂಬುತ್ತಿದ್ದರು. ನಮ್ಮ ಬೆಳೆಗಾರರು, ಯಾವ ತಂತ್ರವೂ ಇಲ್ಲದೆ, ಅಂಗಳದಲ್ಲಿ ಜೀಪು ತೊಳೆಯುವಷ್ಟು ಸಹಜವಾಗಿ ಹೇಳಿದರು:

"ಕೈಲ್ ಮುಹೂರ್ತ ಬಂತಲ್ಲ. ನಮ್ಮ ರೋಬೋಟುಗಳ ಆಯುಧ ಪೂಜೆಗೆ ಇಡ್ಬೇಕು."

ಹೊರಗಿನ ಓದುಗರಿಗೆ ಒಂದು ಮಾತು. ಗದ್ದೆಯ ನಾಟಿ ಮುಗಿದ ಮೇಲೆ ಬರುವ ಈ ಹಬ್ಬದಲ್ಲಿ ಕೊಡವರೂ ಗೌಡರೂ ಕೋವಿ, ಕತ್ತಿಗಳನ್ನು ತೊಳೆದು, ಹೂ ಮುಡಿಸಿ, ದೇವರ ಕೋಣೆಯಲ್ಲಿ ದೀಪದ ಮುಂದೆ ಇಡುತ್ತಾರೆ. ಪೂಜೆಗಿಟ್ಟ ಆಯುಧವನ್ನು ಮನೆಯ ಹಿರಿಯರು ಎತ್ತಿ ಕಿರಿಯರ ಕೈಗೆ ಕೊಡುತ್ತಾರೆ. ಅಲ್ಲಿಯವರೆಗೆ ಯಾರೂ ಮುಟ್ಟುವುದಿಲ್ಲ. ಮಡಿಕೇರಿಯ ನಮ್ಮಂಥ ಪೂಜಾರಿ ಮನೆತನಗಳಲ್ಲಿ ಕೋವಿ ಇಲ್ಲ. ಆದ್ದರಿಂದ ನಾನು ಇದನ್ನು ನೆರೆಯವನ ಅಧಿಕಾರದಿಂದಷ್ಟೇ ಹೇಳುತ್ತಿದ್ದೇನೆ.

ಮೂವರೂ ಒಡನೆಯೇ ಒಪ್ಪಿದರು. ಹುಡುಗಿಯ ಮಿಂಚುಕತ್ತಿ, ಮುಖವಾಡದವನ ಜೋಡಿ ಫಿರಂಗಿ, ಸೇನಾನಿಯ ಗದೆ, ಎಲ್ಲವನ್ನೂ ಕೋಟೆಯ ದೇವರ ಕೋಣೆಗೆ ಸಾಗಿಸಿದ್ದಾಯಿತು. ಅಂಥ ಕೋಣೆ ಇತ್ತೇ ಎಂದು ನಾನು ಕೇಳಿದೆ. ಇಲ್ಲದೆ ಕೋಟೆ ಕಟ್ಟುತ್ತಾರೆಯೇ ಎಂದು ನನ್ನನ್ನೇ ಕೇಳಿದರು. ಈ ಹಬ್ಬದಲ್ಲಿ ಕೋವಿಗೆ ಮುಡಿಸುವ ತೋಕು ಹೂವನ್ನು ಫಿರಂಗಿಯ ಬಾಯಿಗೆ ಸಿಕ್ಕಿಸುವುದಕ್ಕೂ ರೈಟರು ದಾಳ ಉರುಳಿಸಿ ಗೆದ್ದರು. ಕಥೆ ನಡೆಸುವವಳ ಕಣ್ಣು ಹೊಳೆದದ್ದನ್ನು ಆಡುವವರು ನೋಡಲಿಲ್ಲ, ನಾನು ನೋಡಿದೆ. ಶತ್ರು ಹಬ್ಬದ ದಿನವೇ ದಾಳಿ ಮಾಡುತ್ತಾನೆ ಎಂಬುದು ಆ ಕ್ಷಣವೇ ನಿಶ್ಚಯವಾಗಿತ್ತು. ಬರಿಗೈಯಲ್ಲಿ ಬಾಗಿಲು ಕಾಯಲು ಹಿರಿಯ ಸೇನಾನಿಗಿಂತ ಯೋಗ್ಯರು ಯಾರು?

ಮುಂದಿನ ಭಾನುವಾರ ಬೆಳೆಗಾರರು ಎಂದಿಗಿಂತ ಬಿಳಿಚಿಕೊಂಡಿದ್ದರು. ಎರಡು ದಿನ ಬಿಟ್ಟು ಮೈಸೂರಿಗೆ ಹೊರಡುವುದಿತ್ತು. ಬ್ಯಾಗು ಆಗಲೇ ಬಾಗಿಲ ಬಳಿ ಬಂದು ಕುಳಿತಿತ್ತು. ಅವರ ಮನೆಯವರು ಕಾಫಿ ತಂದಿಟ್ಟು, ನನ್ನ ಪತ್ನಿಯ ಕಡೆ ನೋಡಿ, "ಇವತ್ತು ಹೆಚ್ಚು ಕಿರುಚಾಡಿಸ್ಬೇಡಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಶತ್ರು ಬಂದ. ಈ ಸಲ ಒಂದಲ್ಲ, ಇಡೀ ಸೈನ್ಯ. ಕೊನೆಗೂ ಲೆಕ್ಕ ಕಲಿತಿದ್ದ. ಜಲಾಶಯದ ಕ್ರೆಸ್ಟ್ ಗೇಟಿನ ಮುಂದೆ ನಿಂತ. ಪತ್ನಿ ಶುಷ್ಕ ದನಿಯಲ್ಲಿ, ಪಾಠ ಓದಿಸುವವಳಂತೆ, ಹಿರಿಯ ಸೇನಾನಿಯ ಕಡೆ ತಿರುಗಿದಳು.

"ಆಯುಧ ಇಲ್ಲ. ಹೊತ್ತಿಲ್ಲ. ಯಾರಾದ್ರೂ ಒಬ್ರು ಗೇಟು ತಡೀಬೇಕು. ಕಿರಿಯರು ಅಷ್ಟರಲ್ಲಿ ಒಳಗೆ ಹೋಗಿ ಆಯುಧ ತರಬಹುದು. ಯಾರು ಹೋಗ್ತೀರಿ?"

ರೈಟರು ದಾಳಗಳನ್ನು ಅಂಗೈಯಲ್ಲಿ ಕುಲುಕುತ್ತಿದ್ದವರು ನಿಲ್ಲಿಸಿದರು. ಮೂರು ಹೆಚ್ಚುವರಿ ದಾಳದ ಆಸೆ ಅವರ ಮುಖದಿಂದ ಇಳಿದುಹೋದದ್ದು ಕಾಣುತ್ತಿತ್ತು.

"ನಾನ್ ಹೋಗ್ತೀನಿ ಬಿಡಿ ಟೀಚರ್," ಎಂದರು ಅವರು, ಅಪೂರ್ವವಾಗಿ ಮೆಲ್ಲಗೆ.

"ಪುಸ್ತಕದ ಪ್ರಕಾರ ಹಿರಿಯರಿದ್ದಾಗ ಕಿರಿಯರು ಹೋಗುವ ಹಾಗಿಲ್ಲ," ಎಂದಳು ಪತ್ನಿ. ತಾನೇ ಹೇಳಿದ ಮಾತು ತನಗೇ ರುಚಿಸಲಿಲ್ಲವೆಂಬಂತೆ ಕನ್ನಡಕ ತೆಗೆದು ಒರೆಸಿದಳು.

ಬೆಳೆಗಾರರು ತಮ್ಮ ಪಾಲಿನ ಅರೇಬಿಕಾ ಬೀಜಗಳನ್ನು ಬೆರಳಿನಿಂದ ಸಾಲು ಮಾಡುತ್ತ, ತಲೆಯೆತ್ತದೆ ಕೇಳಿದರು: "ಆಯುಧ ತರುದು ಅಂದ್ರಿ. ಯಾರು ಎತ್ತಿ ಕೊಡ್ದು?"

"ಅವರೇ ತಗೊಳ್ತಾರೆ."

"ಪೂಜೆಲಿ ಇಟ್ಟದ್ದನ್ನ? ಹಿರಿಯ ಕೊಡದೆ?"

"ಆಪತ್ಕಾಲದಲ್ಲಿ ಎಲ್ಲ ನಡೀತದೆ."

"ನಮ್ಮಲ್ಲಿ ನಡಿಯುದುಲೆ."

ಆಗ ಪಶುವೈದ್ಯೆ ಸದ್ಭಾವನೆಯಿಂದ ಬಾಯಿಬಿಟ್ಟು ಎಲ್ಲವನ್ನೂ ಕೆಡಿಸಿದರು. ಅವರು ದಕ್ಷಿಣ ಕೊಡಗಿನ ಕೊಡವರು. ಈ ಹಬ್ಬ ಕೊಡಗಿನೊಳಗಿನ ಎಲ್ಲ ನಾಡುಗಳಲ್ಲಿ ಒಂದೇ ದಿನ ಬರುವುದಿಲ್ಲ. ನಾಡಿನಿಂದ ನಾಡಿಗೆ ದಿನ ಬದಲಾಗುತ್ತದೆ.

"ನಮ್ಮ ನಾಡಲ್ಲಿ ಹಬ್ಬ ಮುಗಿದೇ ಹೋಯ್ತಲ್ಲ ಅಂಕಲ್. ಆಯುಧ ಎಲ್ಲ ಆಗ್ಲೇ ಕೈಗೆ ಬಂದಾಯ್ತು. ಕೋಟೆಯವರು ಯಾವ ನಾಡಿನ ದಿನ ಹಿಡಿದಿದ್ದಾರೆ?"

ಎಲ್ಲರೂ ನನ್ನ ಕಡೆ ತಿರುಗಿದರು. ಇಡೀ ಮಳೆಗಾಲದಲ್ಲಿ ನನ್ನ ಹುದ್ದೆಗೆ ಒದಗಿದ ಮೊದಲ ಕೆಲಸ. ಸಂಗತಿ ಎಲ್ಲರಿಗೂ ಸ್ಪಷ್ಟವಾಗಿತ್ತು. ಪಶುವೈದ್ಯೆಯ ನಾಡಿನ ದಿನ ಹಿಡಿದರೆ ಆಯುಧಗಳಿಗೆ ಈಗಾಗಲೇ ಬಿಡುಗಡೆ. ಹಿರಿಯ ಸೇನಾನಿ ಗೇಟಿಗೆ ಹೋಗಿ ಶಾಸ್ತ್ರೋಕ್ತವಾಗಿ ಸಾಯಬಹುದು. ಬೆಳೆಗಾರರ ನಾಡಿನ ದಿನ ಹಿಡಿದರೆ ಹಬ್ಬ ಅದೇ ದಿನ. ಅವರು ಎತ್ತಿ ಕೊಡದೆ ಒಂದು ಮೊಳೆಯೂ ಅಲುಗಾಡುವುದಿಲ್ಲ. ಬೆಳೆಗಾರರು ನನ್ನನ್ನು ನೋಡಲಿಲ್ಲ. ಬೀಜಗಳ ಸಾಲನ್ನು ಕೆಡಿಸಿ ಮತ್ತೆ ಮಾಡುತ್ತಿದ್ದರು. ಒಂದು ಮಾತು ಸಾಕಿತ್ತು. ಯಾವ ಶಾಸನವೂ ಎದ್ದು ಬಂದು ನನ್ನನ್ನು ಸುಳ್ಳನೆನ್ನುತ್ತಿರಲಿಲ್ಲ.

"ಕೋಟೆ ಹಾರಂಗಿಯ ತಳದಲ್ಲಿದೆ," ಎಂದೆ ನಾನು. "ಜಲಾಶಯ ನಿನ್ನೆ ಮೊನ್ನೆಯದು. ಅದರ ತಳಕ್ಕೆ ಇಂಥದೇ ನಾಡಿನ ಹಬ್ಬದ ದಿನ ಅನ್ವಯಿಸುತ್ತದೆ ಎನ್ನುವುದಕ್ಕೆ ನನ್ನ ಬಳಿ ಆಧಾರವಿಲ್ಲ."

"ಅಯ್ಯೋ ದೇವರೇ," ಎಂದಳು ಪತ್ನಿ. "ಕಾಲ್ಪನಿಕ ಕೋಟೆಗೂ ಆಧಾರವಾ?"

"ಸಾರ್, ಬಾಯ್ಮಾತಿಗೆ ಒಂದ್ ದಿನ ಹೇಳ್ಬಿಡಿ ಸಾರ್," ಎಂದು ರೈಟರು ಅಂಗಲಾಚಿದರು.

"ಬಾಯಿಮಾತಾದರೆ ಬಲ್ಲವರ ಬಾಯಿಂದಲೇ ಬರಲಿ," ಎಂದೆ. ಇದು ಪಲಾಯನವೆಂದು ನನ್ನ ಪತ್ನಿಯ ವಾದ, ಕ್ಷೇತ್ರಕಾರ್ಯವೆಂದು ನನ್ನದು. ಪಶುವೈದ್ಯೆಯ ಅಜ್ಜಿಗೆ ಫೋನ್ ಹಚ್ಚಿಸಿ, ಎಲ್ಲರಿಗೂ ಕೇಳುವಂತೆ ಮೇಜಿನ ನಡುವೆ, ಶತ್ರುಸೈನ್ಯದ ಮೇಲೆ ಇಡಿಸಿದೆ. ಆ ಹಿರಿಯರಿಗೆ ಕಿವಿ ಮಂದ, ನಾಲಿಗೆ ಚುರುಕು. ಮೊಮ್ಮಗಳು ಪರಿಸ್ಥಿತಿಯನ್ನು ವಿವರಿಸಿದರು.

"ಯಾರ ಮೇಲೆ ಯುದ್ಧ?" ಫೋನಿನಿಂದ ಪ್ರಶ್ನೆ ಬಂತು.

"ಯುದ್ಧ ಅಲ್ಲ ಅಜ್ಜಿ, ಆಟ. ರೋಬೋಟ್ ಆಟ."

"ಆ ದನದ ಡಾಕ್ಟರ್ ಕೆಲಸ ಬಿಟ್ಟುಬಿಟ್ಟಿಯಾ ಹಾಗಾದ್ರೆ?"

"ಇಲ್ಲ ಅಜ್ಜಿ, ಭಾನುವಾರ. ಅಜ್ಜಿ, ದಿನ ಯಾವ್ದು ಹಿಡಿಬೇಕು, ನಮ್ಮ ನಾಡಿದ್ದಾ, ಭಾಗಮಂಡಲದ ಕಡೆದಾ?"

"ದಿನ ಯಾವುದಾದ್ರೆ ಏನು! ಯಾರು ಇಟ್ರೋ ಅವರ ದಿನ. ಇಟ್ಟ ಮನೆಯ ದೊಡ್ಡವರು ಎತ್ತಿ ಕೊಡಬೇಕು. ಅಷ್ಟು ಸಹ ಗೊತ್ತಿಲ್ವಾ?"

ನನ್ನ ಪತ್ನಿ ಸುಲಭವಾಗಿ ಸೋಲುವವಳಲ್ಲ. ಫೋನಿನ ಕಡೆ ಬಾಗಿ ಕೇಳಿದಳು: "ಅಮ್ಮ, ಆ ದೊಡ್ಡವರು ಅದಕ್ಕೆ ಮುಂಚೆ ತೀರಿಕೊಂಡ್ರೆ? ಮನೆ ಕಾಯ್ಲಿಕ್ಕೆ ಹೋಗಿ, ತುಂಬಾ ಗೌರವದಿಂದ ತೀರಿಕೊಂಡ್ರೆ? ಆಮೇಲೆ ಚಿಕ್ಕವರು ತಗೊಳ್ಬಹುದಲ್ವಾ?"

"ತೀರಿಕೊಂಡ್ರೆ ಸೂತಕ ಅಲ್ವಾ ಮಾರಾಯ್ತಿ! ಹೆಣ ಮನೇಲಿ ಇಟ್ಕೊಂಡು ಯಾರು ಕೋವಿ ಪೂಜೆ ಮಾಡ್ತಾರೆ? ಹಬ್ಬವೇ ಇಲ್ಲ ಆಗ. ಬಾಗಿಲು ಹಾಕಿ ಕೂತ್ಕೊಳ್ಳಿ." ಸ್ವಲ್ಪ ಬಿಟ್ಟು ಮತ್ತೆ: "ಯಾರು ತೀರಿಕೊಂಡದ್ದು? ನನಗೆ ಯಾಕೆ ಹೇಳ್ಲಿಲ್ಲ?"

ಯಾರೂ ತೀರಿಕೊಂಡಿಲ್ಲವೆಂದು ಅವರನ್ನು ಒಪ್ಪಿಸಲು ಪಶುವೈದ್ಯೆ ಫೋನ್ ಹಿಡಿದು ಜಗಲಿಗೆ ಹೋಗಬೇಕಾಯಿತು.

ಕೋಣೆಯಲ್ಲಿ ಉಳಿದವರು ನಿಯಮಪುಸ್ತಕವನ್ನು ನೋಡುತ್ತಿದ್ದೆವು. ಅದನ್ನು ಬರೆದವರು, ಯಾವ ದೇಶದವರೋ, ಹಿರಿಯನ ಸಾವಿನಿಂದ ಕಿರಿಯರಿಗೆ ಎಷ್ಟು ದಾಳ ಲಾಭವೆಂದು ಲೆಕ್ಕ ಹಾಕಿದ್ದರು. ಹೆಣ ಎತ್ತುವವರು ಯಾರು, ಮೈಲಿಗೆ ಎಷ್ಟು ದಿನ ಎಂಬುದನ್ನು ಯೋಚಿಸಿರಲಿಲ್ಲ. ಅವರ ಕಥೆಗಳಲ್ಲಿ ಸತ್ತವನು ಸ್ಫೋಟಗೊಂಡು ಮಾಯವಾಗುತ್ತಾನೆ, ಬದುಕಿದವರು ಅದೇ ಉಸಿರಿನಲ್ಲಿ ಗೆಲ್ಲುತ್ತಾರೆ. ಇಲ್ಲಿ ಹಾಗಾಗುವುದಿಲ್ಲ. ಸೇನಾನಿ ಸತ್ತ ಮರು ಗಳಿಗೆ ಕೋಟೆಗೆ ಸೂತಕ. ಚಾಲಕರ ಕೈಯಲ್ಲಿ ಕೋಪದ ದಾಳಗಳು ರಾಶಿ ರಾಶಿ, ಆಯುಧ ಒಂದೂ ಇಲ್ಲ.

"ಸಂಶೋಧಕರ ತೀರ್ಪೇನು?" ಪತ್ನಿ ಕೇಳಿದಳು. ವ್ಯಂಗ್ಯ ಪೂರ್ತಿ ಇತ್ತು, ಮೊನಚು ಇರಲಿಲ್ಲ.

"ದಿನದ ವಿಷಯ ಅನಿರ್ಣೀತ," ಎಂದೆ. "ಆಚರಣೆಯ ವಿಷಯದಲ್ಲಿ ಎರಡು ಸ್ವತಂತ್ರ ಆಧಾರಗಳಿವೆ, ಎರಡು ನಾಡಿನವು, ಪರಸ್ಪರ ಪರಿಚಯವಿಲ್ಲದವರು ಹೇಳಿದ್ದು. ಎರಡೂ ಒಂದೇ ಮಾತು. ಇಟ್ಟವರು ಬದುಕಿದ್ದು ಎತ್ತಿ ಕೊಡಬೇಕು."

ಅವಳು ಆ ಭವ್ಯ ಸಾವನ್ನು ಬರೆದುಕೊಂಡಿದ್ದ ಹಾಳೆಗಳನ್ನು ಮಡಚಿ ಕಾಫಿ ಲೋಟದ ಕೆಳಗಿಟ್ಟಳು. "ಸರಿ. ಸೇನಾನಿಗಳು ಗೇಟಿಗೆ ಹೋಗುವುದಿಲ್ಲ, ಕೀಲು ಇರುವಷ್ಟು ಹೊತ್ತು ಗೇಟೇ ತಡೀಲಿ. ದೇವರ ಕೋಣೆಗೆ ಹೋಗ್ತಾರೆ. ಎಂತ ಮಾಡ್ತೀರಿ ಹೇಳಿ."

ಬೆಳೆಗಾರರು ಎದ್ದು ನಿಂತರು. ಆಟದಲ್ಲಿ ಯಾರೂ ಎದ್ದು ನಿಲ್ಲುವ ಪದ್ಧತಿಯಿಲ್ಲ. ಸ್ಯಾಂಪಲ್ ತಟ್ಟೆಯಲ್ಲಿದ್ದ ದಾಳಗಳನ್ನು ಎರಡೂ ಕೈಯಲ್ಲಿ ಎತ್ತಿ, ಮೊದಲು ಜಗಲಿಯಿಂದ ಮರಳಿದ ಪಶುವೈದ್ಯೆಯ ಬೊಗಸೆಗೆ, ಆಮೇಲೆ ರೈಟರ ಬೊಗಸೆಗೆ ಕೊಟ್ಟರು. ರೈಟರು ಪಡೆಯುವಾಗ ಬಗ್ಗಿ ಅವರ ಕಾಲು ಮುಟ್ಟಿದರು. ಅದು ಪಾತ್ರದೊಳಗಿನದೋ ಹೊರಗಿನದೋ ಎಂದು ದಾಖಲಿಸಲು ನನಗೆ ಸಾಧ್ಯವಾಗಿಲ್ಲ.

"ಒಳ್ಳೇದಾಗ್ಲಿ. ಗಂಟಲು ಚೂರು ಕಮ್ಮಿ ಮಾಡು," ಎಂದರು ಬೆಳೆಗಾರರು.

ಯುದ್ಧವನ್ನು ವಿವರಿಸುವುದಿಲ್ಲ, ಎಲ್ಲ ಯುದ್ಧಗಳಂತೆ ಅದೂ ನಡೆಯಿತು. ಯಂತ್ರಗಳು ಕಾದವು, ಒಂದು ಹೊಡೆತ ಬಾಕಿ ಇರುವಾಗ ನಿಂತವು, ನೆನಪುಗಳು ನುಗ್ಗಿ ಬಂದವು, ಹೆಸರು ಕೂಗಿದ್ದು ಹಟ್ಟಿಯ ನಾಯಿಗಳನ್ನು ಎಬ್ಬಿಸಿತು. ದಾಳದಿಂದ ಸಾಯುವುದಕ್ಕೆ ತಕರಾರಿಲ್ಲ ಎಂದವರ ಕಡೆಗೂ ದಾಳಗಳು ಉರುಳಿದವು. ನನ್ನ ಪತ್ನಿ ಯಾವ ರಿಯಾಯಿತಿಯನ್ನೂ ತೋರಿಸಲಿಲ್ಲ, ಅವರೂ ಕೇಳಲಿಲ್ಲ. ಅವರ ಮುಂದಿನ ಬೀಜಗಳು ಒಂದೊಂದಾಗಿ ತಟ್ಟೆಗೆ ಮರಳಿದವು. ಕೊನೆಯ ರಾಕ್ಷಸ ಉರುಳಿದಾಗ ಅವರ ಬಳಿ ಎಷ್ಟು ಉಳಿದಿದ್ದವು ಎಂಬ ಬಗ್ಗೆ ನಾಲ್ಕು ಹೇಳಿಕೆಗಳಿವೆ. ಉಳಿದಿದ್ದವು ಎಂಬುದರಲ್ಲಿ ಮಾತ್ರ ಭೇದವಿಲ್ಲ.

"ಜಗತ್ತು ಉಳಿಯಿತು," ಎಂದು ಪತ್ನಿ ಪುಸ್ತಕ ಮುಚ್ಚಿದಳು. "ಕಥೆ ಮುಗಿಯಿತು."

"ಮುಗಿಯುದು ಹೇಂಗೆ ಟೀಚರೇ?" ಎಂದರು ಬೆಳೆಗಾರರು. "ನಾ ಇನ್ನೂ ಅಲ್ಲೇ ಇದ್ದೇನಲ್ಲ. ನಾಳೆ ಬೆಳಿಗ್ಗೆ ನಾನು ಎಂತ ಮಾಡುದು?"

ಪತ್ನಿ ಪುಸ್ತಕವನ್ನು ಮತ್ತೆ ತೆರೆದಳು. ವಿಷಯಸೂಚಿ ನೋಡಿದಳು, ಹಿಂದಿನಿಂದ ನೋಡಿದಳು. ನಾನೂ ನೋಡಿದೆ. ಹುಡುಗಿಗೆ ಮುಂದೇನು ಎಂಬುದಕ್ಕೆ ಪುಟಗಳಿದ್ದವು. ಮುಖವಾಡದವನು ಸಮುದ್ರತೀರದಲ್ಲಿ ಏಕಾಂಗಿಯಾಗಿ ನಡೆದುಹೋಗಬೇಕೆಂಬ ಸೂಚನೆಯೂ ಇತ್ತು. ಸಾಯದೆ ಉಳಿದ ಹಿರಿಯ ಸೇನಾನಿಗೆ ಇಟ್ಟಿಗೆಯಷ್ಟು ದಪ್ಪದ ಆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಅವನು ಅಲ್ಲಿಯವರೆಗೆ ಬರುತ್ತಾನೆಂದು ಯಾರೂ ನಿರೀಕ್ಷಿಸಿರಲಿಲ್ಲ.

ಅವಳು ಪುಸ್ತಕವನ್ನು ಪಕ್ಕಕ್ಕೆ ಸರಿಸಿದಳು. "ಬೆಳಗಾಯಿತು," ಎಂದಳು. "ನೀವು ಎದ್ದಿರಿ. ಕೋಟೆ ತಣ್ಣಗಿದೆ."

"ಕಾಫಿ ಉಟ್ಟಾ?"

"ಇದೆಯೋ ಇಲ್ಲವೋ, ದಾಳ ಹಾಕಿ."

ಇತ್ತು. ಕುಡಿದರು. ಗೇಟಿನ ಹತ್ತಿರ ಹೋಗಿ ಯಾವ ಕೀಲು ಬಾಗಿದೆ ನೋಡಿದರು. ರೋಬೋಟಿನ ಮೊಣಕಾಲಲ್ಲಿ ಕೆಸರು ಮೆತ್ತಿದ್ದಕ್ಕೆ ಮುಖವಾಡದವನಿಗೆ ಬೈದರು. ಮುಖವಾಡದವನು ತಾನು ಅದನ್ನು ನಿನ್ನೆಯೇ ತೊಳೆದಿದ್ದಾಗಿ ಇಡೀ ಮಾದಾಪುರಕ್ಕೆ ತಿಳಿಸಿದ. ಹುಡುಗಿಗೆ ಶಾಲೆಗೆ ಹೊತ್ತಾಯಿತೆಂದು ನೆನಪಿಸಿದರು. ಕತ್ತಲಾಗುವುದಕ್ಕೆ ಮುಂಚೆ ಹೊರಡಬೇಕೆಂದಿದ್ದ ಪಶುವೈದ್ಯೆ ಚೀಲವನ್ನು ಮತ್ತೆ ಕೆಳಗಿಟ್ಟರು. ಬೆಳೆಗಾರರ ಮನೆಯವರು ಬಾಗಿಲಲ್ಲಿ ನಿಂತು ಎಷ್ಟೋ ಹೊತ್ತು ಕೇಳಿಸಿಕೊಂಡರು.

ಹೊರಡುವಾಗ ಬೆಳೆಗಾರರು ನನ್ನ ಪತ್ನಿಗೆ, "ಆ ಗೇಟಿನ ಕೀಲು ಹಾಗೇ ಇರ್ಲಿ, ಬೇರೆ ಯಾರೂ ಮುಟ್ಟುದು ಬೇಡ. ನಾ ಬಂದ ಮೇಲೆ ನೋಡುವ," ಎಂದರು. ಅವಳು ತಲೆಯಾಡಿಸಿದಳು. ಕಾರಿನಲ್ಲಿ ಮಡಿಕೇರಿಯವರೆಗೂ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ. ನಮ್ಮ ದಾಂಪತ್ಯದ ಇತಿಹಾಸದಲ್ಲಿ ಇದಕ್ಕೆ ಹಿಂದಿನ ನಿದರ್ಶನವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಕವಾಟ ಕೂತಿತು. ಅವರು ಮರಳಿ ಬಂದದ್ದು ತೋಟದಲ್ಲಿ ಕಾಫಿ ಪಿಕಿಂಗ್ ಶುರುವಾಗುವ ಹೊತ್ತಿಗೆ, ತೂಕ ಇಳಿದು, ಅಂಗಿ ಸಡಿಲವಾಗಿ. ವೈದ್ಯರು ಮೆಟ್ಟಿಲು ಹತ್ತಬಾರದೆಂದಿದ್ದರು. ರೋಬೋಟು ಹತ್ತುವ ವಿಷಯದಲ್ಲಿ ಯಾವ ಸೂಚನೆಯೂ ಇರಲಿಲ್ಲವಂತೆ. ಅಂದಿನಿಂದ ಭಾನುವಾರಗಳು ಮುಂದುವರಿದಿವೆ. ಕಥೆಯಲ್ಲಿ ಈಗ ಏನೂ ಆಗುವುದಿಲ್ಲ. ಕೀಲು ಸರಿಯಾಯಿತು. ಶತ್ರುವನ್ನು ಕಳಿಸಲೇ ಎಂದು ನನ್ನ ಪತ್ನಿ ಒಂದೆರಡು ಸಲ ಕೇಳಿದಳು, ಕೈ ತುರಿಸುತ್ತಿತ್ತೇನೋ. ಮೂವರೂ ಒಪ್ಪಲಿಲ್ಲ. ಕೋಟೆಯ ಮೇಲಿನ ಜಲಾಶಯದ ದಂಡೆಯಲ್ಲಿ ಸಿಲ್ವರ್ ಮರಗಳ ತುದಿಯವರೆಗೆ ಕಾಳುಮೆಣಸು ಹಬ್ಬಿದೆ, ಏಣಿ ಎಟುಕುವುದಿಲ್ಲ, ರೋಬೋಟಿನ ಕೈ ಎಟುಕುತ್ತದೆ. ಕೊಯ್ಲು ಮುಗಿಯುವವರೆಗೆ ಯುದ್ಧಕ್ಕೆ ಯಾರಿಗೂ ಬಿಡುವಿಲ್ಲವೆಂದು ಹಿರಿಯ ಸೇನಾನಿಯ ಆಜ್ಞೆಯಾಗಿದೆ.